ಮನಸೂರರ ರಿಯಾಜು, ಮನಸೂರರ ಬೀಡಿ

ಬೋಧನಾಭ್ಯಾಸದಲ್ಲಿ ನನ್ನ ಹನ್ನೊಂದನೆಯ ಪಾಠ ಕೆಟ್ಟಿತು. ಕೆಟ್ಟ ಪಾಠದ ಬಗ್ಗೆ ಪತ್ರಿಕೆಗೆ ಬರೆಯಬಹುದೇ ಎಂದು ನಮ್ಮ ವಿಜ್ಞಾನ ಬೋಧನಾ ವಿಧಾನದ ಗುರುಗಳನ್ನು ಕೇಳಿದೆ. ಚೆನ್ನಾಗಿ ನಡೆದ ಪಾಠಗಳ ವರದಿ ಪ್ರತಿ ಸಂಚಿಕೆಯಲ್ಲೂ ಬರುತ್ತದೆ, ಕೆಟ್ಟದ್ದನ್ನೇ ಬರೆಯಿರಿ ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ಪಾಠ ಕೆಟ್ಟ ಬಗೆ

ಧಾರವಾಡದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಪಾಠದ ವಿಷಯ ತಂಬಾಕು ಮತ್ತು ಆರೋಗ್ಯ. ಶ್ವಾಸಕೋಶದ ಚಿತ್ರಪಟ, ಪ್ಲಾಸ್ಟಿಕ್ ಬಾಟಲಿ ಮತ್ತು ಹತ್ತಿಯಿಂದ ಮಾಡಿದ ಮಾದರಿ, ಐದು ಮೌಲ್ಯಮಾಪನ ಪ್ರಶ್ನೆಗಳು ಎಲ್ಲ ಸಿದ್ಧವಿದ್ದವು. ಕೊನೆಯ ಹತ್ತು ನಿಮಿಷಕ್ಕೆ ಆತ್ಮಸಂಯಮ ಎಂಬ ಮೌಲ್ಯವನ್ನು ಪಾಠಯೋಜನೆಯಲ್ಲಿ ಸೇರಿಸಿದ್ದೆ. ಊರಿನ ಮಕ್ಕಳಿಗೆ ಊರಿನ ಉದಾಹರಣೆ ಕೊಡಬೇಕು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ನಾನು ಆರಿಸಿಕೊಂಡದ್ದು ಪಂಡಿತ್ ಮಲ್ಲಿಕಾರ್ಜುನ ಮನಸೂರರನ್ನು. ಜೀವನವಿಡೀ ರಿಯಾಜು ಬಿಡದವರು, ಎಂಬತ್ತರ ವಯಸ್ಸಿನಲ್ಲೂ ಹಾಡಿದವರು, ಮನಸ್ಸನ್ನು ಗೆದ್ದವರು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮನಸ್ಸನ್ನು ಗೆದ್ದವರು ಯಾವ ಚಟಕ್ಕೂ ಬೀಳುವುದಿಲ್ಲ ಎಂದೂ ಸೇರಿಸಿದೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅವನ ಅಜ್ಜ ಮನಸೂರರನ್ನು ಕಣ್ಣಾರೆ ಕಂಡವರಂತೆ. ಅವರು ಬೀಡಿ ಸೇದುತ್ತಿದ್ದರು ಎಂದು ಅಜ್ಜ ಹೇಳಿದ್ದಾರೆ ಸರ್ ಎಂದ. ಸ್ವಲ್ಪ ತಡೆದು, ಬೀಡಿ ಸೇದಿಯೂ ಎಂಬತ್ತು ವರ್ಷ ಹೇಗೆ ಬದುಕಿದರು ಎಂದೂ ಕೇಳಿದ. ತರಗತಿಯೆಲ್ಲ ನಕ್ಕಿತು. ಅವನು ತಮಾಷೆಗೆ ಕೇಳಿರಲಿಲ್ಲ ಎಂಬುದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ನೋಡಿ ಹೇಳುತ್ತೇನೆ, ಕೂತುಕೋ ಎಂದೆ. ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು, ಉದಾಹರಣೆಯನ್ನು ಪರಿಶೀಲಿಸದೆ ಬಳಸಲಾಗಿದೆ ಎಂದು ಬರೆದರು. ಅದು ನ್ಯಾಯವಾದ ಮಾತು.

ಅವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ಹೊತ್ತಿನಲ್ಲಿ ನನ್ನ ಬ್ಯಾಗಿನಲ್ಲಿ ಗುಟ್ಕಾ ಇತ್ತು. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಅಡಿಕೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಮಾಡಿ ಮಾರುತ್ತಾರೆ. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಆಯಿತು. ಬಿಎಸ್ಸಿ ಎರಡನೆಯ ವರ್ಷದಲ್ಲಿ ಹಾಸ್ಟೆಲಿನಲ್ಲಿ ಶುರುವಾದದ್ದು ಬಿಎಡ್‌ವರೆಗೂ ನನ್ನ ಜೊತೆ ಬಂದಿದೆ. ಆ ದಿನವೂ ಕಿರುವಿರಾಮದಲ್ಲಿ ಗೇಟಿನಾಚೆ ಹೋಗಿ ಹಾಕಿಕೊಂಡು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಪಾಠಕ್ಕೆ ನಿಂತಿದ್ದೆ. ಮನಸ್ಸನ್ನು ಗೆದ್ದವರು ಎಂಬ ಮಾತು ಬಂದದ್ದು ಅದೇ ಬಾಯಿಂದ.

ಹುಡುಗ ಕೇಳಿದ್ದು ಒಂದು ಪ್ರಶ್ನೆಯಾದರೂ ನನಗೆ ಎರಡಾಗಿ ಕೇಳಿಸಿತು. ಬೀಡಿ ಸೇದಿಯೂ ಎಂಬತ್ತು ವರ್ಷ ಬದುಕಿದ್ದು ಹೇಗೆ ಎಂಬುದು ಒಂದು. ಒಂದೇ ಮನುಷ್ಯನಲ್ಲಿ ಅಂಥ ರಿಯಾಜೂ ಅಂಥ ಬೀಡಿಯೂ ಕೂಡಿ ಇದ್ದದ್ದು ಹೇಗೆ ಎಂಬುದು ಇನ್ನೊಂದು. ಎರಡನೆಯದು ಅವನಿಗಿಂತ ನನಗೇ ಹೆಚ್ಚು ಬೇಕಿತ್ತು. ಮನಸೂರರ ಜೀವನವನ್ನು ನಾನು ಸರಿಯಾಗಿ ಓದಿದ್ದು ಆ ಮೇಲೆ.

ಮನಸೂರಿನ ಹುಡುಗ

ಮಲ್ಲಿಕಾರ್ಜುನ ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಪಕ್ಕದ ಮನಸೂರ ಗ್ರಾಮದಲ್ಲಿ. ತಂದೆ ಭೀಮರಾಯಪ್ಪ ಒಕ್ಕಲುತನದ ಗೌಡರು, ಹಾಡು ಮತ್ತು ಬಯಲಾಟವೆಂದರೆ ಪ್ರೀತಿ. ತಾಯಿ ನೀಲಮ್ಮ. ಅಣ್ಣ ಬಸವರಾಜ ನಾಟಕದ ಗೀಳಿನವರು. ಹೀಗಾಗಿ ಒಂಬತ್ತರ ವಯಸ್ಸಿಗೇ ಈ ಹುಡುಗ ಬಣ್ಣ ಹಚ್ಚಿಕೊಂಡ. ಮುಂದೆ ವಾಮನರಾವ್ ಮಾಸ್ತರರ ನಾಟಕ ಕಂಪನಿ ಸೇರಿ ಊರೂರು ತಿರುಗಿದ. ಶಾಲೆಯ ಓದು ಅಲ್ಲಿಗೆ ಹಿಂದೆ ಬಿತ್ತು.

ಕಂಪನಿ ನಾಟಕ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳುವಂತೆ ಹಾಡಬೇಕು. ಆಟ ಇದ್ದ ರಾತ್ರಿ ಗಂಟಲು ಸರಿಯಿಲ್ಲ ಎಂದರೆ ನಡೆಯುವುದಿಲ್ಲ. ಹುಡುಗನಿಗೆ ಆಸೆ ಇದ್ದರೂ ಇಲ್ಲದಿದ್ದರೂ ಪರದೆ ಏಳುತ್ತದೆ. ಮನಸೂರರ ಶಿಸ್ತು ಮೊದಲು ಬೆಳೆದದ್ದು ಇಂಥ ಜಾಗದಲ್ಲಿ. ಅದಕ್ಕೊಂದು ಹೊತ್ತು ಗೊತ್ತಿತ್ತು, ಎದುರಿಗೆ ಜನ ಇದ್ದರು, ಸುತ್ತ ಒಂದು ಕಂಪನಿಯೇ ಇತ್ತು.

ಅವನ ಹಾಡನ್ನು ಕೇಳಿ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತದ ಪಾಠ ಹೇಳಿದರು. ಆಮೇಲೆ ಮಿರಜದ ನೀಲಕಂಠಬುವಾ ಅವರು ಹುಡುಗನನ್ನು ಶಿಷ್ಯನನ್ನಾಗಿ ತೆಗೆದುಕೊಂಡರು. ಅವರದು ಗ್ವಾಲಿಯರ್ ಘರಾಣೆ. ಮಿರಜದ ಆ ಪಾಠದಲ್ಲಿ ಮನಸೂರರ ಹಿಂದೂಸ್ತಾನಿ ಸಂಗೀತಕ್ಕೆ ಬುನಾದಿ ಬಿತ್ತು.

ಹಾಡಿ ಹೆಸರು ಮಾಡಿದ ಮೇಲೆ ಮತ್ತೆ ಶಿಷ್ಯ

ಇಪ್ಪತ್ತರ ಹರೆಯದಲ್ಲಿ ಮನಸೂರರು ಗಾಯಕರೆಂದು ಗುರುತಾಗಿದ್ದರು. ಗ್ರಾಮಾಫೋನ್ ತಟ್ಟೆಗಳಲ್ಲಿ ಅವರ ಧ್ವನಿ ಕೇಳಿಬರುತ್ತಿತ್ತು. ಅಲ್ಲಿಗೆ ಸಾಕು ಎಂದು ನಿಂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ 1930ರ ದಶಕದಲ್ಲಿ ಅವರು ಮುಂಬಯಿಯಲ್ಲಿ ಜೈಪುರ-ಅತ್ರೌಲಿ ಘರಾಣೆಯ ಬಾಗಿಲಿಗೆ ಹೋಗಿ ನಿಂತರು. ಆ ಘರಾಣೆಯ ಹಿರಿಯರು ಉಸ್ತಾದ್ ಅಲ್ಲಾದಿಯಾ ಖಾನ್. ಅವರು ಮನಸೂರರನ್ನು ತಮ್ಮ ಮಗ ಮಂಜಿ ಖಾನರಿಗೆ ಒಪ್ಪಿಸಿದರು.

ಈ ಘಟ್ಟವನ್ನು ಓದುವಾಗ ನಾನು ತುಸು ನಿಂತೆ. ಹೊಸದನ್ನು ಕಲಿಯುವುದಕ್ಕಿಂತ ಕಲಿತದ್ದನ್ನು ತಡೆಯುವುದು ಕಷ್ಟ. ಬಾಯಿಗೆ ಬಂದ ತಾನನ್ನು ಬಿಡದೆ ಹಿಡಿಯಬೇಕು, ಗ್ವಾಲಿಯರ್ ದಾರಿಯಲ್ಲಿ ಹೊರಟ ದನಿಯನ್ನು ಜೈಪುರದ ದಾರಿಗೆ ತಿರುಗಿಸಬೇಕು. ಜೈಪುರದವರ ಲಯದ ಲೆಕ್ಕವೇ ಬೇರೆ, ತಾನಿನ ಹೆಣಿಗೆಯೇ ಬೇರೆ. ಜನ ಚಪ್ಪಾಳೆ ತಟ್ಟುತ್ತಿದ್ದ ತನ್ನ ಹಾಡನ್ನು ಬದಿಗಿಟ್ಟು, ಮೊದಲಿನಿಂದ ಶಿಷ್ಯನಾಗಿ ಕೂತರು. ಸುಖ ಈಗಲೇ ಸಿಗುತ್ತಿರುವಾಗ ಅದನ್ನು ಮುಂದೂಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆ ಪಾಠ ಬಹಳ ಕಾಲ ನಡೆಯಲಿಲ್ಲ. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಮನಸೂರರು ಅವರ ತಮ್ಮ ಭುರ್ಜಿ ಖಾನರ ಬಳಿ ಕಲಿಕೆ ಮುಂದುವರಿಸಿದರು. ಗುರು ಹೋದರೂ ಗುರುವಿನ ಎದುರು ಕೂರುವ ರೂಢಿಯನ್ನು ಬಿಡಲಿಲ್ಲ.

ಮುಂದಿನ ಕಾಲದಲ್ಲಿ ಅವರು ಧಾರವಾಡದಲ್ಲೇ ನೆಲೆ ನಿಂತರು. ಆಕಾಶವಾಣಿಯ ಧಾರವಾಡ ನಿಲಯ 1950ರಲ್ಲಿ ಶುರುವಾಯಿತು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲೂ ಪಾಠ ಹೇಳಿದರು. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗೆ ಅಪಾರ ಭಕ್ತಿ. ತಮ್ಮ ಮನೆಗೆ ಮೃತ್ಯುಂಜಯ ಎಂದೇ ಹೆಸರಿಟ್ಟರು. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಮಗ ರಾಜಶೇಖರ ಮನಸೂರರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ತಂದೆಯ ಜೊತೆಗೂ ತಾವೊಬ್ಬರೇ ಕೂತೂ ಹಾಡಿದರು. ಮನಸೂರರ ಮನೆ ಇಂದು ಸ್ಮಾರಕವಾಗಿದೆ.

ದೊಡ್ಡ ಮನ್ನಣೆ ಬಂದದ್ದು ತಡವಾಗಿ. ಪದ್ಮಶ್ರೀ 1970ರಲ್ಲಿ. ಆಗ ಅವರಿಗೆ 59 ವರ್ಷ. ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅದೇ 1992ರ ಸೆಪ್ಟೆಂಬರ್ 12ರಂದು, 81ರ ವಯಸ್ಸಿನಲ್ಲಿ ತೀರಿಕೊಂಡರು. ಮಂಜಿ ಖಾನರ ಎದುರು ಕೂತಂದಿನಿಂದ ಪದ್ಮಶ್ರೀವರೆಗೆ ಮೂವತ್ತು ವರ್ಷಕ್ಕೂ ಮೀರಿದ ಅವಧಿ. ಪ್ರಶಸ್ತಿಯ ಆಸೆಯೊಂದೇ ಒಬ್ಬರನ್ನು ಅಷ್ಟು ಕಾಲ ತಂಬೂರಿಯ ಮುಂದೆ ಕೂರಿಸಲಾರದು. ಬರೀ ಮನೋಬಲವೂ ಕೂರಿಸಲಾರದು ಎಂದು ನನಗೆ ಅನ್ನಿಸತೊಡಗಿತು.

ವರ್ಜ್ಯ ಸ್ವರ

ಸಂಗೀತ ನನಗೆ ಬಾರದು. ನಮ್ಮ ತಂಡದಲ್ಲಿ ಚಿಕ್ಕಂದಿನಿಂದ ಹಿಂದೂಸ್ತಾನಿ ಗಾಯನ ಕಲಿತ ಸಹಪಾಠಿಯೊಬ್ಬರಿದ್ದಾರೆ. ಮನಸೂರರ ಏಕನಿಷಾದ ಬಿಹಾಗಡಾದ ಧ್ವನಿಮುದ್ರಣವನ್ನು ಕೇಳಿಸಿ ಅವರು ನನಗೊಂದು ವಿಷಯ ತಿಳಿಸಿದರು. ಪ್ರತಿ ರಾಗಕ್ಕೂ ತನ್ನದೇ ಆದ ನಿಷೇಧಗಳಿವೆ. ಭೂಪ ರಾಗದಲ್ಲಿ ಮಧ್ಯಮ ಮತ್ತು ನಿಷಾದ ವರ್ಜ್ಯ. ಮಾಲಕಂಸದಲ್ಲಿ ರಿಷಭ ಮತ್ತು ಪಂಚಮ ವರ್ಜ್ಯ. ಸಾಮಾನ್ಯ ಬಿಹಾಗಡಾದಲ್ಲಿ ಎರಡು ನಿಷಾದ ಬರುತ್ತವೆ, ಏಕನಿಷಾದ ಬಿಹಾಗಡಾದಲ್ಲಿ ಹೆಸರೇ ಹೇಳುವಂತೆ ಒಂದೇ. ಎರಡಕ್ಕೂ ಒಗ್ಗಿದ ಗಂಟಲಿಗೆ ಇನ್ನೊಂದನ್ನು ಮುಟ್ಟುವ ಆಸೆ ಇದ್ದೇ ಇರುತ್ತದೆ. ಇಂಥ ಅಪರೂಪದ ರಾಗಗಳೇ ಜೈಪುರ ಘರಾಣೆಯ ಹೆಮ್ಮೆ, ಮನಸೂರರ ಹೆಮ್ಮೆಯೂ ಹೌದು.

ಹಾಗಾದರೆ ಆ ಸ್ವರವನ್ನು ಮುಟ್ಟಬೇಡ, ಮುಟ್ಟಬೇಡ ಎಂದು ಗುರುಗಳು ಹೇಳುತ್ತಾರೆಯೇ ಎಂದು ಕೇಳಿದೆ. ಆಕೆ ನಕ್ಕರು. ಹಾಗೆ ಹೇಳಿದರೆ ಶಿಷ್ಯ ಅದನ್ನೇ ಮುಟ್ಟುತ್ತಾನಂತೆ. ಆ ಜಾಗಕ್ಕೆ ಬಂದಾಗ ಯಾವ ಕಡೆಯಿಂದ ಹೋಗಬೇಕು ಎಂಬ ಸ್ವರಗುಚ್ಛವನ್ನು ಗುರುಗಳು ನೂರು ಸಲ ಹಾಡಿಸುತ್ತಾರೆ. ನೂರು ಸಲ ಆದ ಮೇಲೆ ಗಂಟಲು ತಾನಾಗಿ ಆ ದಾರಿ ಹಿಡಿಯುತ್ತದೆ. ವರ್ಜ್ಯ ಸ್ವರದ ನೆನಪೂ ಬರುವುದಿಲ್ಲ.

ನಮ್ಮ ಮನೋವಿಜ್ಞಾನದ ಪತ್ರಿಕೆಯಲ್ಲಿ ಓದಿದ್ದು ಆಗ ನನಗೆ ಅರ್ಥವಾಯಿತು. ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಯೋಚಿಸಬಹುದು ಎಂದಾಗ, ಮೊದಲು ತಡೆದುಕೊಂಡವರಿಗೆ ಕರಡಿ ಇನ್ನೂ ಹೆಚ್ಚು ನೆನಪಾಯಿತು. ಬೇಡ ಎಂಬುದನ್ನು ಕಾವಲು ಕಾಯಬೇಕಾದರೆ ಮನಸ್ಸು ಅದನ್ನೇ ಹುಡುಕುತ್ತಿರಬೇಕಾಗುತ್ತದೆ. ಒಂದು ಬೇಡಕ್ಕೆ ಬದಲಾಗಿ ಮಾಡಬೇಕಾದ ಒಂದು ಕೆಲಸ ಇದ್ದರೆ ಕಾವಲು ಬೇಕಾಗುವುದಿಲ್ಲ.

ವಾಲ್ಟರ್ ಮಿಶೆಲ್ ಅವರ ಮಿಠಾಯಿ ಪ್ರಯೋಗ ನಮಗೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆ. ಒಂದು ಮಿಠಾಯಿ ಈಗ, ಕಾದರೆ ಎರಡು. ಕಾದ ಮಗು ಬುದ್ಧಿವಂತ ಎಂದು ನಾವು ಉತ್ತರ ಬರೆದು ಮುಗಿಸುತ್ತೇವೆ. ಆದರೆ ಕಾದ ಮಕ್ಕಳು ಮಾಡಿದ್ದೇನು ಎಂಬುದು ಮುಖ್ಯ. ಅವರು ಮಿಠಾಯಿಯನ್ನು ದಿಟ್ಟಿಸಿ ನೋಡುತ್ತ ಹಲ್ಲು ಕಚ್ಚಿ ಕೂರಲಿಲ್ಲ. ಕಣ್ಣು ಮುಚ್ಚಿಕೊಂಡರು, ಬೆನ್ನು ತಿರುಗಿಸಿದರು, ತಮ್ಮಷ್ಟಕ್ಕೆ ಹಾಡಿಕೊಂಡರು. 2018ರಲ್ಲಿ ಹೆಚ್ಚಿನ ಮಕ್ಕಳ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ ಇನ್ನೊಂದೂ ಕಂಡಿತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಮಿಠಾಯಿಗೆ ಕಾದದ್ದರಿಂದ ಮಗುವಿನ ಭವಿಷ್ಯ ಹೇಳುವುದು ಬಹಳ ಮಟ್ಟಿಗೆ ಕುಗ್ಗಿತು. ಕಾಯುವ ಶಕ್ತಿ ಮಗುವಿನ ಒಳಗೆ ಮಾತ್ರ ಇರುವುದಿಲ್ಲ, ಮನೆಯಲ್ಲೂ ಇರುತ್ತದೆ.

ಜರ್ಮನಿಯಲ್ಲಿ ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು 205 ಜನರಿಗೆ ಸಣ್ಣ ಯಂತ್ರ ಕೊಟ್ಟು, ಒಂದು ವಾರ ಆಗಾಗ ಈಗ ಯಾವ ಆಸೆ ಬಂದಿದೆ, ಅದನ್ನು ತಡೆಯುತ್ತಿದ್ದೀರಾ ಎಂದು ಕೇಳಿದರು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಆತ್ಮಸಂಯಮ ಹೆಚ್ಚು ಇರುವವರು ಆಸೆಯೊಡನೆ ಹೆಚ್ಚು ಹೋರಾಡುತ್ತಿರಲಿಲ್ಲ. ಅವರಿಗೆ ಹೋರಾಟದ ಸಂದರ್ಭಗಳೇ ಕಡಿಮೆ ಬರುತ್ತಿದ್ದವು.

ಇದನ್ನು ಹಿಡಿದುಕೊಂಡು ಮನಸೂರರ ರಿಯಾಜನ್ನು ನೋಡಿದರೆ ಅದು ಬೇರೆಯಾಗಿ ಕಾಣುತ್ತದೆ. ಅದರ ಸುತ್ತ ಎಷ್ಟೊಂದು ಆಧಾರಗಳಿದ್ದವು! ನಾಟಕ ಕಂಪನಿಯಿಂದ ಬಂದ ರೂಢಿ, ಎದುರಿಗೆ ಗುರು, ಗುರು ತೀರಿಕೊಂಡರೆ ಅವರ ತಮ್ಮ, ಕೈಗೆ ತಂಬೂರಿ, ಕೇಳುವ ಧಾರವಾಡ, ಹಾಡುವ ಮಗ, ನಂಬಿದ ಮಠ. ಎಲ್ಲಕ್ಕಿಂತ ಹೆಚ್ಚಾಗಿ ಹಾಡಿನ ಮೇಲಿನ ಪ್ರೀತಿ. ಅವರು ರಿಯಾಜಿಗೆ ಕೂರಲು ಆಸೆಯನ್ನು ತುಳಿಯಬೇಕಾಗಿರಲಿಲ್ಲ. ಅದೇ ಅವರ ಆಸೆಯಾಗಿತ್ತು.

ಬೀಡಿ

ಇನ್ನು ಬೀಡಿ. ಹುಡುಗನ ಅಜ್ಜ ಹೇಳಿದ್ದು ನಿಜ. ಮನಸೂರರನ್ನು ಹತ್ತಿರದಿಂದ ಬಲ್ಲವರ ನೆನಪುಗಳಲ್ಲಿ ಅವರ ಬೀಡಿಯೂ ಬರುತ್ತದೆ. ಅದರಲ್ಲಿ ಮುಚ್ಚಿಡುವುದೇನೂ ಇರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಬೀಡಿ ಸೇದುವುದನ್ನು ಯಾರೂ ಸೋಲು ಎಂದು ಕರೆಯುತ್ತಿರಲಿಲ್ಲ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಪ್ರಕಟಿಸಿದ್ದು 1950ರಲ್ಲಿ. ಆಗ ಮನಸೂರರಿಗೆ ನಲವತ್ತರ ಹತ್ತಿರ. ನಮ್ಮ ದೇಶದಲ್ಲಿ ತಂಬಾಕಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರ ಬಂದದ್ದು 2009ರಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳ ಮೇಲೆ.

ಬೀಡಿಯ ವಿರುದ್ಧ ಅವರ ಬಳಿ ಏನಿತ್ತು ಎಂದು ಪಟ್ಟಿ ಮಾಡಲು ಹೋದೆ. ಗುರು ಇಲ್ಲ, ಹೊತ್ತು ಇಲ್ಲ, ಬದಲಿ ಸ್ವರಗುಚ್ಛ ಇಲ್ಲ, ಬಿಟ್ಟರೆ ಮೆಚ್ಚುವ ಸಭೆ ಇಲ್ಲ. ಎದುರಾಳಿಯ ಕಡೆ ಎಲ್ಲವೂ ಇತ್ತು. ಸೇದಿದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಬೆಲೆ ಕಡಿಮೆ. ಸಿಗದ ಅಂಗಡಿ ಇಲ್ಲ. ಒಂದೇ ಮನುಷ್ಯನ ಒಂದು ಕೈ ತಂಬೂರಿ ಹಿಡಿಯಿತು, ಇನ್ನೊಂದು ಕೈ ಬೀಡಿ ಹಿಡಿಯಿತು. ಇದರಲ್ಲಿ ವಿರೋಧ ಕಂಡದ್ದು, ಮನೋಬಲವೆಂಬುದು ಒಂದೇ ಬಾವಿಯ ನೀರು ಎಂದು ನಾನು ತಿಳಿದಿದ್ದರಿಂದ. ಬಾವಿ ತುಂಬಿದ್ದರೆ ಯಾವ ಹೊಲಕ್ಕಾದರೂ ಹಾಯಿಸಬಹುದು ಎಂದು ನನ್ನ ಲೆಕ್ಕ. ನಿಜದಲ್ಲಿ ನೀರು ಹೋಗುವುದು ಕಾಲುವೆ ತೋಡಿದ ಹೊಲಕ್ಕೆ. ಮನಸೂರರ ಸಂಗೀತಕ್ಕೆ ಹತ್ತು ಜನ ಸೇರಿ ಕಾಲುವೆ ತೋಡಿದ್ದರು. ಬೀಡಿ ಬಿಡುವುದಕ್ಕೆ ಆ ಕಾಲದಲ್ಲಿ ಯಾರಿಗೂ ಯಾರೂ ತೋಡುತ್ತಿರಲಿಲ್ಲ.

ಹೀಗೆ ಹೇಳುವಾಗ ಅವರನ್ನು ತೂಗುವ ಅಧಿಕಾರ ನನಗಿದೆ ಎಂದು ಯಾರೂ ತಿಳಿಯಬಾರದು. ಅವರ ಸಂಗೀತಕ್ಕೆ ಬೀಡಿಯಿಂದ ಕುಂದಿಲ್ಲ, ಬೀಡಿಗೆ ಅವರ ಸಂಗೀತದಿಂದ ಗೌರವವೂ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಲು ಬರುವ ಶಿಕ್ಷಕನ ಮಾತನ್ನು ಮಕ್ಕಳು ನಂಬುತ್ತಾರೆ. ಒಂದನ್ನು ಮುಚ್ಚಿಟ್ಟರೆ ಹಿಂದಿನ ಬೆಂಚಿನಿಂದ ಯಾರಾದರೂ ಏಳುತ್ತಾರೆ.

ಮತ್ತೆ ಅದೇ ತರಗತಿ

ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಅದೇ ತರಗತಿಗೆ ಇನ್ನೊಂದು ಅವಧಿ ತೆಗೆದುಕೊಂಡೆ. ಮೊದಲು ಆ ಹುಡುಗನ ಹೆಸರು ಹೇಳಿ, ಅವನ ಅಜ್ಜ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಈ ಸಲ ಯಾರೂ ನಗಲಿಲ್ಲ.

ಬೀಡಿ ಸೇದಿಯೂ 81 ವರ್ಷ ಬದುಕಿದ್ದು ಹೇಗೆ ಎಂಬ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿಯೇ ಎತ್ತಿಕೊಂಡೆವು. ಹೆಲ್ಮೆಟ್ ಇಲ್ಲದೆ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ದಿನವೂ ಓಡಾಡಿ ಏನೂ ಆಗದವರು ಎಷ್ಟು ಜನ ಗೊತ್ತು ಎಂದು ಕೇಳಿದೆ. ಬಹಳ ಕೈ ಎದ್ದವು. ಹಾಗಾದರೆ ಹೆಲ್ಮೆಟ್ ಬೇಡವೇ ಎಂದಾಗ ಮಕ್ಕಳೇ ಉತ್ತರದ ಹತ್ತಿರ ಬಂದರು. ಒಬ್ಬರ ಕಥೆಯಿಂದ ಅಪಾಯ ಅಳೆಯಲಾಗದು, ಬಹಳ ಜನರನ್ನು ಬಹಳ ಕಾಲ ನೋಡಬೇಕು. ಹಾಗೆ ನೋಡಿದ ಒಂದು ಅಧ್ಯಯನವನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಬ್ರಿಟನ್ನಿನ 34,439 ಪುರುಷ ವೈದ್ಯರನ್ನು 1951ರಿಂದ ಐವತ್ತು ವರ್ಷ ಗಮನಿಸಲಾಯಿತು. ಸಿಗರೇಟು ಬಿಡದೆ ಸೇದಿದವರು, ಎಂದೂ ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. ಬಿಟ್ಟವರಿಗೆ ಲಾಭವಾಯಿತು, ಬೇಗ ಬಿಟ್ಟಷ್ಟೂ ಹೆಚ್ಚು. ಸರಾಸರಿ ಎಂದರೆ ಅದರಲ್ಲಿ ಎಂಬತ್ತು ದಾಟಿದವರೂ ಇರುತ್ತಾರೆ, ನಲವತ್ತು ದಾಟದವರೂ ಇರುತ್ತಾರೆ ಎಂದು ಗಣಿತದಲ್ಲಿ ಕಲಿತದ್ದನ್ನು ಒಬ್ಬ ಹುಡುಗಿ ನೆನಪಿಸಿದಳು.

ಆಮೇಲೆ ಒಂದು ಚಟುವಟಿಕೆ ಮಾಡಿದೆವು. ಬಿಡಬೇಕೆಂದಿರುವ ಒಂದು ರೂಢಿಯನ್ನು ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಯಾರಿಗೂ ತೋರಿಸಬೇಕಿಲ್ಲ. ಅದರ ಮುಂದೆ ಮೂರು ಸಾಲು. ಆಸೆ ಬರುವ ಜಾಗ ಮತ್ತು ಹೊತ್ತು ಯಾವುದು? ಆ ಹೊತ್ತಿನಲ್ಲಿ ಬದಲಿಗೆ ಏನು ಮಾಡುವೆ? ಯಾರಿಗೆ ಹೇಳಿಡುವೆ? ಇನ್ನು ಮೇಲೆ ಗಟ್ಟಿ ಮನಸ್ಸು ಮಾಡುತ್ತೇನೆ ಎಂದು ಮಾತ್ರ ಬರೆಯಕೂಡದು ಎಂದು ನಿಯಮ ಹಾಕಿದ್ದೆ. ಆ ವಾಕ್ಯ ಬಿಟ್ಟರೆ ಬರೆಯಲು ಏನೂ ತೋಚದೆ ಕೆಲವರು ಪೆನ್ನು ಕಚ್ಚಿಕೊಂಡು ಕೂತರು. ನಾನೂ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಬರೆದೆ.

ನನ್ನ ಮೂರು ಸಾಲುಗಳು ಇವು. ಜಾಗ ಗೇಟಿನಾಚೆಯ ಪಾನ್ ಅಂಗಡಿ, ಹೊತ್ತು ಕಿರುವಿರಾಮದ ಗಂಟೆ. ಗಂಟೆ ಹೊಡೆದ ಕೂಡಲೇ ಪ್ರಯೋಗಾಲಯಕ್ಕೆ ಹೋಗಿ ಮುಂದಿನ ಅವಧಿಯ ಪಾಠೋಪಕರಣ ಜೋಡಿಸುವುದು. ಹೇಳಿಟ್ಟದ್ದು ಸಹ ಪ್ರಶಿಕ್ಷಣಾರ್ಥಿಯೊಬ್ಬನಿಗೆ. ವಿರಾಮದಲ್ಲಿ ಅವನು ನನ್ನ ಜೊತೆ ಪ್ರಯೋಗಾಲಯದಲ್ಲಿ ಇರುತ್ತಾನೆ, ನನ್ನ ಬ್ಯಾಗು ಅವನ ಬಳಿ ಇರುತ್ತದೆ. ಆಸೆ ಬರುತ್ತದೆ, ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಕೈಗಡಿಯಾರ ನೋಡಿ ಪರೀಕ್ಷಿಸಿದೆ. ಮೊದಲ ವಾರ ಆ ಸ್ವಲ್ಪ ಹೊತ್ತು ಬಹಳ ಉದ್ದವಾಗಿತ್ತು. ರಾತ್ರಿ ರೂಮಿನಲ್ಲಿ ಇನ್ನೂ ಉದ್ದ. ಅಲ್ಲಿಗೆ ನಾನು ಕಾಲುವೆ ತೋಡಿರಲಿಲ್ಲ, ಎರಡು ಸಲ ತಪ್ಪಿದ್ದೂ ಅಲ್ಲೇ. ಈಗ ರಾತ್ರಿಗೂ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಊಟವಾದ ಮೇಲೆ ಒಬ್ಬನೇ ಹೊರಗೆ ಹೋಗುವುದಿಲ್ಲ. ಇದನ್ನು ಬರೆಯುವ ಹೊತ್ತಿಗೆ ಶುರು ಮಾಡಿ 37 ದಿನ, ತಪ್ಪಿ ಮತ್ತೆ ಹಿಡಿದು 19 ದಿನ. ಗೆದ್ದೆ ಎಂದು ಹೇಳಲು ಇದು ಸಾಲದು.

ತಂಬಾಕಿನ ಚಟ ರೂಢಿಯಷ್ಟೇ ಅಲ್ಲ, ದೇಹವೂ ಅದನ್ನು ಕೇಳುತ್ತದೆ. ಏರ್ಪಾಡುಗಳಿಂದ ಆಗದಿದ್ದರೆ ವೈದ್ಯರ ನೆರವು ಕೇಳಲು ನಾಚಬೇಕಿಲ್ಲ. ನಮ್ಮೂರಿನಲ್ಲೇ ಡಿಮ್ಹಾನ್ಸ್ ಇದೆ. ತಂಬಾಕು ಬಿಡಿಸಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 1800-11-2356 ತಂಬಾಕಿನ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ನಾನು ಅದನ್ನು ವರ್ಷಗಟ್ಟಲೆ ಹರಿದು ಎಸೆದಿದ್ದೇನೆ.

ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ತರಗತಿಯಲ್ಲಿ ಮಾತಾಡುವ, ಮನೆಕೆಲಸ ಮಾಡದ, ಹಿಂದೆ ಕೂತು ಏನೋ ಅಗಿಯುವ ಹುಡುಗನಿಗೆ ಮನಸ್ಸು ಗಟ್ಟಿ ಮಾಡು ಎಂದು ಹೇಳುವುದು ಸುಲಭ. ನಮಗೂ ಹಾಗೇ ಹೇಳಿದ್ದರು. ಅದರ ಬದಲು ಅವನ ಆಸೆ ಬರುವ ಹೊತ್ತು ಯಾವುದು ಎಂದು ಕೇಳಿ ನೋಡೋಣ, ಆ ಹೊತ್ತಿಗೆ ಅವನ ಕೈಗೊಂದು ಕೆಲಸ ಕೊಡೋಣ. ಮನಸೂರರಿಗೆ ಗುರುಗಳು ಕೊಟ್ಟದ್ದೂ ಅದನ್ನೇ.

ಆ ಹುಡುಗನ ನೋಟ್‌ಬುಕ್ಕಿನಲ್ಲಿ ಏನಿತ್ತೋ ನಾನು ನೋಡಲಿಲ್ಲ. ತರಗತಿ ಮುಗಿದ ಮೇಲೆ ಅವನು ಮೇಜಿನ ಹತ್ತಿರ ಬಂದು, ಅಜ್ಜ ಈಗಲೂ ಬೀಡಿ ಸೇದುತ್ತಾರೆ, ಬಿಡಲು ಅವರ ವಯಸ್ಸು ಮೀರಿತೇ ಎಂದು ಕೇಳಿದ. ಮೀರಿಲ್ಲ, ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವೇ ಎಂದೆ. ಆ ದೂರವಾಣಿ ಸಂಖ್ಯೆಯನ್ನು ಬರೆದುಕೊಂಡು ಹೋದ.